ಮನೆ ಮತ್ತು ಸಭೆ: ಮೈಸೂರಿನ ಕ್ರೈಸ್ತರಲ್ಲಿ ವಿಶ್ವಾಸದ ಪೋಷಣೆ

ಕ್ರೈಸ್ತಮತವು ಮೈಸೂರು ಸೀಮೆಗೆ ಎಂದು ಬಂದಿತು, ಯಾರು ತಂದರು, ಯಾರು ಅದನ್ನು ಅವಲಂಬಿಸಿದರು ಎಂಬ ವಿಷಯಗಳನ್ನು ಕುರಿತು ಈಗಾಗಲೇ ಸಾಕಷ್ಟು ಬರೆಹಗಳುಂಟು. ಹೀಗೆ ಬಂದ ಮತವು ಒಂದು ಮನೆಯಲ್ಲಿ ನಾಲ್ಕಾರು ತಲೆಮಾರುಗಳವರೆಗೆ ಹೇಗೆ ನಿಂತಿತು ಎಂಬ ಪ್ರಶ್ನೆಯನ್ನು ಮಾತ್ರ ವಿದ್ವಾಂಸರು ಅಷ್ಟಾಗಿ ಎತ್ತಿಕೊಂಡಂತೆ ಕಾಣುವುದಿಲ್ಲ. ಪ್ರಸಾರವೆಂಬುದು ಒಂದು ಕಾರ್ಯ, ಪೋಷಣೆಯೆಂಬುದು ಮತ್ತೊಂದು. ಮೊದಲನೆಯದಕ್ಕೆ ವರದಿಗಳೂ ಪತ್ರಗಳೂ ಅಂಕಿಗಳೂ ದೊರೆಯುತ್ತವೆ. ಏಕೆಂದರೆ ಮಿಷನರಿಗಳು ತಮ್ಮ ನಾಡಿನ ಹಿರಿಯರಿಗೆ ಲೆಕ್ಕ ಒಪ್ಪಿಸಬೇಕಾಗಿತ್ತು. ಎರಡನೆಯದು ಸಂಜೆ ದೀಪ ಹಚ್ಚಿದ ಮೇಲೆ ನಡುಮನೆಯಲ್ಲಿ ನಡೆದ ಕಾರ್ಯ. ಅದರ ಲೆಕ್ಕವನ್ನು ಯಾರೂ ಇಟ್ಟಿಲ್ಲ.

ಪ್ರಕೃತ ಲೇಖನದಲ್ಲಿ ನಾವು ಮೈಸೂರು ನಗರವನ್ನೂ ಅದರ ನೆರೆಯ ಕೆಲವು ಊರುಗಳನ್ನೂ ಮುಂದಿಟ್ಟುಕೊಂಡು ಈ ಎರಡನೆಯ ಕಾರ್ಯವನ್ನು ಸ್ಥೂಲವಾಗಿ ಪರಿಶೀಲಿಸಬೇಕೆಂದಿದ್ದೇವೆ. ಮತತತ್ತ್ವಗಳ ಸತ್ಯಾಸತ್ಯ ವಿಚಾರ ನಮ್ಮ ಉದ್ದೇಶವಲ್ಲ. ಒಂದು ವಿಶ್ವಾಸವು ಯಾವ ಭಾಷೆಯಲ್ಲಿ, ಯಾರ ಬಾಯಿಂದ, ಯಾವ ಹೊತ್ತಿನಲ್ಲಿ ಮಗುವಿನ ಕಿವಿಗೆ ಬೀಳುತ್ತದೆ ಎಂಬುದಷ್ಟೆ ನಮ್ಮ ವಿಚಾರ. ಮೈಸೂರಿನ ಮಟ್ಟಿಗೆ ಈ ಪ್ರಶ್ನೆಯ ತಿರುಳು ಭಾಷೆಯಲ್ಲಿಯೇ ಇದೆಯೆಂಬುದು ನಮ್ಮ ಅಭಿಪ್ರಾಯ.

17ನೆಯ ಶತಮಾನದ ನಡುಗಾಲದಲ್ಲಿ, ಕಂಠೀರವ ನರಸರಾಜ ಒಡೆಯರ ಆಳ್ವಿಕೆಯಲ್ಲಿ, ಇಟಲಿಯ ಜೆಸ್ವಿತ್ ಪಾದ್ರಿ ಲಿಯೊನಾರ್ಡೊ ಚಿನ್ನಾಮಿ ಶ್ರೀರಂಗಪಟ್ಟಣಕ್ಕೆ ಬಂದರು. ಅವರು ಕನ್ನಡವನ್ನು ಕಲಿತು ಆ ಭಾಷೆಯಲ್ಲಿಯೇ ಧರ್ಮೋಪದೇಶದ ಬರೆಹಗಳನ್ನು ಸಿದ್ಧಪಡಿಸಿದರು. ಅವರ ಅನಂತರ ಬಂದವರೂ ಇದೇ ಜಾಡನ್ನು ಹಿಡಿದರು. ಆದರೆ 1773ರಲ್ಲಿ ರೋಮಿನ ಪೋಪರು ಜೆಸ್ವಿತ್ ಸಂಘವನ್ನೇ ವಿಸರ್ಜಿಸಿಬಿಟ್ಟರು. ಇದ್ದ ಗುರುಗಳಿಗೆ ವಯಸ್ಸಾಯಿತು. ಅವರ ಸ್ಥಾನಕ್ಕೆ ಬರುವವರು ವಿರಳವಾದರು. ಇದರ ಮೇಲೆ ಯುದ್ಧಗಳ ಕಾಲ ಬಂದೊದಗಿತು. 1784ರಲ್ಲಿ ಟೀಪೂ ಸುಲ್ತಾನನು ಕರಾವಳಿಯ ಕ್ರೈಸ್ತರನ್ನು ಸೆರೆಹಿಡಿದು ಶ್ರೀರಂಗಪಟ್ಟಣಕ್ಕೆ ಒಯ್ದುದೂ ಈ ಅವಧಿಯಲ್ಲಿಯೇ. ಅವರ ಸಂಖ್ಯೆಯ ವಿಷಯದಲ್ಲಿ ಚರಿತ್ರಕಾರರಲ್ಲಿ ಒಮ್ಮತವಿಲ್ಲವಾದುದರಿಂದ ಆ ಚರ್ಚೆಯನ್ನು ನಾವಿಲ್ಲಿ ತೆಗೆಯುವುದಿಲ್ಲ. ಒಂದಂತೂ ನಿಜ: 1773ರಿಂದ 1799ರವರೆಗಿನ ಕಾಲು ಶತಮಾನದಲ್ಲಿ ಈ ಸೀಮೆಯ ಕ್ರೈಸ್ತನು ಗುರುವಿನ ಮುಖವನ್ನು ಕಾಣುವುದೇ ಅಪರೂಪವಾಗಿತ್ತು.

ಗುರುವಿಲ್ಲದೆ ಪೂಜೆಯಿಲ್ಲ, ಪಾಪನಿವೇದನೆಯಿಲ್ಲ, ಪರಮಪ್ರಸಾದವಿಲ್ಲ. ಹಾಗಾದರೆ ಉಳಿದುದೇನು? ಮನೆಯವರೇ ಮಾಡಬಹುದಾದ ಎರಡು ಮೂರು ಕಾರ್ಯಗಳು ಉಳಿದವು. ತುರ್ತುಸಂದರ್ಭದಲ್ಲಿ ಜ್ಞಾನಸ್ನಾನವನ್ನು ಯಾರು ಬೇಕಾದರೂ ಕೊಡಬಹುದೆಂಬುದು ಕಥೋಲಿಕ ಸಭೆಯ ಹಳೆಯ ನಿಯಮ. ಸಾವಿನಂಚಿನಲ್ಲಿರುವ ಹಸುಗೂಸಿನ ತಲೆಗೆ ಸೂಲಗಿತ್ತಿಯೋ ಅಜ್ಜಿಯೋ ನೀರೆರೆದು ನಿಯತವಾದ ಮಾತನ್ನು ಹೇಳಿದರೆ ಅದು ಊರ್ಜಿತ. ಜಪಮಾಲೆಗೂ ಗುರು ಬೇಕಿಲ್ಲ. ಸಾಂಪ್ರದಾಯಿಕವಾಗಿ ಪೂರ್ಣ ಜಪಮಾಲೆಯಲ್ಲಿ ಬರುವ 150 ಮಂಗಳಪ್ರಾರ್ಥನೆಗಳು ಬೈಬಲಿನ 150 ಕೀರ್ತನೆಗಳಿಗೆ ಸಮನಾಗಿ ಏರ್ಪಟ್ಟವೆಂದು ಹೇಳುವುದುಂಟು. ಯೂರೋಪಿನಲ್ಲಿ ಅದು ಓದುಬಾರದ ರೈತನ ಕೀರ್ತನೆಯ ಗ್ರಂಥವಾಗಿತ್ತು. ಮೈಸೂರು ಸೀಮೆಯಲ್ಲಿಯೂ ಹಾಗೆಯೇ ಆಯಿತು. ಇವುಗಳ ಜೊತೆಗೆ ಊರಿನ ಉಪದೇಶಿಯೊಬ್ಬನಿದ್ದರೆ ಮಕ್ಕಳಿಗೆ ಪ್ರಶ್ನೋತ್ತರರೂಪದ ಜ್ಞಾನೋಪದೇಶವನ್ನು ಬಾಯಿಪಾಠ ಮಾಡಿಸುವನು. ಉಪದೇಶಿಯೆಂಬ ಈ ವ್ಯಕ್ತಿಗೆ ನಮ್ಮ ಚರಿತ್ರೆಯ ಪುಸ್ತಕಗಳಲ್ಲಿ ಸಿಕ್ಕಿರುವ ಸ್ಥಳ ತೀರ ಅಲ್ಪ. ಗುರುಗಳು ವರ್ಷಕ್ಕೊಮ್ಮೆ ಬರುತ್ತಿದ್ದ ಹಳ್ಳಿಗಳಲ್ಲಿ ಉಳಿದ ದಿನಗಳನ್ನು ನಡೆಸಿದವನು ಅವನೇ ಆಗಿದ್ದನು.

1799ರಲ್ಲಿ ಶ್ರೀರಂಗಪಟ್ಟಣವು ಬಿದ್ದ ಬಳಿಕ ಚೆದರಿಹೋಗಿದ್ದ ಕ್ರೈಸ್ತರನ್ನು ಒಗ್ಗೂಡಿಸಲು ಫ್ರೆಂಚ್ ಪಾದ್ರಿ ಅಬ್ಬೆ ದುಬಾಯ್ ಅವರು ಬಂದರು. ಹಿಂದೂಗಳ ಆಚಾರವ್ಯವಹಾರಗಳನ್ನು ಕುರಿತ ಅವರ ಗ್ರಂಥವು 1816ರಲ್ಲಿ ಇಂಗ್ಲಿಷಿನಲ್ಲಿ ಅಚ್ಚಾಗಿ ಜಗತ್ಪ್ರಸಿದ್ಧವಾಯಿತು. ಅದರ ಗುಣದೋಷಗಳನ್ನು ಇತರರು ಚರ್ಚಿಸಿದ್ದಾರೆ. ನಮಗೆ ಇಲ್ಲಿ ಮುಖ್ಯವಾದುದು ಬೇರೊಂದು ಸಂಗತಿ. 1823ರಲ್ಲಿ ಅವರು ಭಾರತವನ್ನು ಬಿಟ್ಟು ಪ್ಯಾರಿಸಿಗೆ ತೆರಳಿದರು. ಅದೇ ವರ್ಷ ಹೊರಬಂದ ತಮ್ಮ ಪತ್ರಗಳಲ್ಲಿ, ಹಿಂದೂಗಳನ್ನು ಕ್ರೈಸ್ತರನ್ನಾಗಿ ಪರಿವರ್ತಿಸುವುದು ಈ ಕಾಲದಲ್ಲಿ ಆಗದ ಕೆಲಸವೆಂದು ಅವರು ಸ್ಪಷ್ಟವಾಗಿ ಬರೆದರು. ಆ ಮಾತು ಇಂಗ್ಲೆಂಡಿನ ಮಿಷನರಿ ವಲಯಗಳಲ್ಲಿ ದೊಡ್ಡ ಕೋಲಾಹಲವನ್ನೇ ಎಬ್ಬಿಸಿತು. ಪ್ರಸಾರದಲ್ಲಿ ಇಷ್ಟು ನಿರಾಶರಾಗಿದ್ದವರು ಪೋಷಣೆಯಲ್ಲಿ ಮಾತ್ರ ಎಂದೂ ಸೋತವರಲ್ಲ. ಹಾಸನದ ಸೀಮೆಯ ಸತ್ತಿಹಳ್ಳಿಯಲ್ಲಿ ನೆಲೆಯಿಲ್ಲದ ಕ್ರೈಸ್ತ ಕುಟುಂಬಗಳನ್ನು ಬೇಸಾಯಕ್ಕೆ ನಿಲ್ಲಿಸಿದರು. ಸಿಡುಬಿನ ವಿರುದ್ಧ ದೇವಿ ಹಾಕಿಸುವ ಕೆಲಸವನ್ನು 1803–04ರ ವೇಳೆಗೇ ಮೈಸೂರು ಸೀಮೆಯಲ್ಲಿ ಹಬ್ಬಿಸಿದರು. ಜನ ಅವರನ್ನು ದೊಡ್ಡಸ್ವಾಮಿಯವರು ಎಂದು ಕರೆದರು. ಹೊಲವಿದ್ದರೆ ಮನೆ ನಿಲ್ಲುತ್ತದೆ, ಮನೆ ನಿಂತರೆ ಜಪ ನಿಲ್ಲುತ್ತದೆ ಎಂಬ ಗ್ರಾಮೀಣ ಲೆಕ್ಕಾಚಾರ ಅವರದಾಗಿದ್ದಿತೆಂದು ನಮಗೆ ತೋರುತ್ತದೆ.

ಹಾಸನದ ಆ ಸೀಮೆಯಲ್ಲಿಯೇ ಇರುವ ಶೆಟ್ಟಿಹಳ್ಳಿಯ ಪಾಳುದೇವಾಲಯವನ್ನು ಕುರಿತು ಇಲ್ಲಿ ಒಂದು ಮಾತು ಹೇಳಬಹುದು. ಗೊರೂರಿನ ಹೇಮಾವತಿ ಜಲಾಶಯದ ನೀರಿನಲ್ಲಿ ಮಳೆಗಾಲದಲ್ಲಿ ಬಹುಮಟ್ಟಿಗೆ ಮುಳುಗಿ ಬೇಸಿಗೆಯಲ್ಲಿ ಹೊರಗೆ ಕಾಣುವ ಈ ಕಟ್ಟಡವನ್ನು ದುಬಾಯ್ ಅವರೇ ಕಟ್ಟಿಸಿದರೆಂದು ಪ್ರವಾಸದ ಬರೆಹಗಳಲ್ಲಿ ಪದೇ ಪದೇ ಕಾಣುತ್ತೇವೆ. ಅದೇ ಬರೆಹಗಳು ಅದರ ಕಾಲವನ್ನು 1860ರ ದಶಕವೆಂದೂ ಹೇಳುತ್ತವೆ! ದುಬಾಯ್ ಅವರು 1848ರಲ್ಲಿಯೇ ತೀರಿಕೊಂಡಿದ್ದರು. ಅದಂತಿರಲಿ, ಇಂದು ಛಾಯಾಚಿತ್ರಗಾರರು ಕಮಾನುಗಳ ಚಿತ್ರ ತೆಗೆಯಲು ಅಲ್ಲಿಗೆ ಹೋಗುತ್ತಾರೆ. ಅಲ್ಲಿ ಪೂಜೆ ಕೇಳುತ್ತಿದ್ದ ಒಕ್ಕಲುಗಳು ನೀರು ಏರಿದಾಗ ಬೇರೆಡೆಗೆ ಎದ್ದು ಹೋದವು. ಕಲ್ಲು ನೀರಿನಲ್ಲಿ ಉಳಿಯಿತು, ಜಪಮಾಲೆ ಗಂಟಿನಲ್ಲಿ ಹೋಯಿತು.

ಈ ಹಳೆಯ ಕಥೋಲಿಕ ಮನೆಯನ್ನು ನಾವು ನೆನಪಿನ ಮನೆಯೆಂದು ಕರೆಯಬಹುದು. ಅಲ್ಲಿ ಪುಸ್ತಕಕ್ಕಿಂತ ಬಾಯಿಪಾಠ ಹೆಚ್ಚು. ಅದರ ಅತ್ಯಂತ ಸ್ಪಷ್ಟವಾದ ಕುರುಹುಗಳು ಹೆಸರುಗಳಲ್ಲಿವೆ. ಮೈಸೂರು ಮತ್ತು ಸುತ್ತಲಿನ ಜಿಲ್ಲೆಗಳ ಹಳೆಯ ಕಥೋಲಿಕ ಕುಟುಂಬಗಳಲ್ಲಿ ಚೌರಪ್ಪ, ಇನ್ನಾಸಪ್ಪ, ಜೋಜಪ್ಪ, ಅಂತೋಣಪ್ಪ, ಅರುಳಪ್ಪ, ರಾಯಪ್ಪ, ಚಿನ್ನಪ್ಪ ಎಂಬ ಹೆಸರುಗಳು ಇಂದಿಗೂ ಕೇಳಿಬರುತ್ತವೆ. ಚೌರಪ್ಪ ಎಂದರೆ ಫ್ರಾನ್ಸಿಸ್ ಝೇವಿಯರ್. ಇನ್ನಾಸಪ್ಪ ಎಂದರೆ ಇಗ್ನೇಷಿಯಸ್. ಅರುಳಪ್ಪ ಎಂದರೆ ಯೋವಾನ್ನ. ರಾಯಪ್ಪ ಎಂದರೆ ಪೇತ್ರ. ಲತೀನ್ ಭಾಷೆಯಲ್ಲಿ ಪೌಲುಸ್ ಎಂಬುದಕ್ಕೆ ಸಣ್ಣವನೆಂದು ಅರ್ಥ. ಅದನ್ನೇ ತಮಿಳರು ಚಿನ್ನಪ್ಪನ್ ಎಂದರು, ಕನ್ನಡಿಗರು ಚಿನ್ನಪ್ಪನೆಂದು ಉಳಿಸಿಕೊಂಡರು. (ಚಿನ್ನಪ್ಪ ಎಂಬ ಹೆಸರು ಇತರ ಜನರಲ್ಲಿಯೂ ಇರುವುದರಿಂದ ಹೆಸರೊಂದನ್ನೇ ನೆಚ್ಚಿ ಯಾರ ಮತವನ್ನೂ ನಿರ್ಣಯಿಸಲಾಗದು.) ತಮಿಳುನಾಡಿನ ಮಾರ್ಗವಾಗಿ ಬಂದ ಗುರುಗಳೂ ಉಪದೇಶಿಗಳೂ ಈ ಶಬ್ದಗಳನ್ನು ತಂದಿರಬೇಕೆಂಬುದು ಸಹಜವಾದ ಊಹೆ. ಮಗುವಿಗೆ ಹೆಸರಿಡುವುದೆಂದರೆ ಒಬ್ಬ ಸಂತನ ಕಥೆಯನ್ನು ಅದರ ಕೈಯಲ್ಲಿ ಕೊಟ್ಟಂತೆ. ಯಾರು ಈ ಚೌರಪ್ಪನೆಂದು ಮಗು ಕೇಳಿದಾಗ ಅಜ್ಜಿಗೆ ಪಾಠ ಹೇಳಲು ಎಡೆ ದೊರೆಯಿತು. ಈಚೆಗೆ ಈ ಹೆಸರುಗಳು ಹಳ್ಳಿಗಾಡಿನವೆಂಬ ಸಂಕೋಚದಿಂದ ಹಿಂದೆ ಸರಿಯುತ್ತಿವೆ. ಅಜ್ಜ ಚೌರಪ್ಪನಾದರೆ ಮೊಮ್ಮಗ ಝೇವಿಯರ್ ಆಗುತ್ತಾನೆ. ಸಂತನು ಅವನೇ, ಕಿವಿಗೆ ಬೀಳುವ ನಾಡು ಬೇರೆ.

ಕ್ರಿಸ್ತಜಯಂತಿಯ ಗೋದಲಿಯೂ ಇಂತಹ ಪಾಠವೇ. ನವರಾತ್ರಿಯಲ್ಲಿ ಮನೆ ಮನೆಗಳಲ್ಲಿ ಗೊಂಬೆ ಕೂರಿಸುವ ಊರು ಮೈಸೂರು. ಅದೇ ಬೀದಿಯ ಕ್ರೈಸ್ತ ಮನೆಯಲ್ಲಿ ಎರಡು ತಿಂಗಳು ಕಳೆಯುವಷ್ಟರಲ್ಲಿ ಹುಲ್ಲು, ಕಾಗದದ ಬೆಟ್ಟ, ಮಣ್ಣಿನ ಕುರಿ, ದನ, ಕುರುಬರು ಸೇರಿ ಗೋದಲಿಯಾಗುತ್ತದೆ. ಒಂದು ಮತ್ತೊಂದರಿಂದ ಹುಟ್ಟಿತೆಂದು ನಾವು ಹೇಳುವುದಿಲ್ಲ. ಗೋದಲಿಯ ಮೂಲ ಇಟಲಿಯಲ್ಲಿದೆ. ಆದರೆ ಕಥೆಯನ್ನು ಮೆಟ್ಟಿಲ ಮೇಲೆ ಜೋಡಿಸಿ ಮಕ್ಕಳಿಗೆ ತೋರಿಸುವ ಅಭ್ಯಾಸವಿರುವ ಊರಿನಲ್ಲಿ ಗೋದಲಿಗೆ ಯಾರ ಪರಿಚಯವೂ ಬೇಕಾಗಲಿಲ್ಲ. ನೆರೆಮನೆಯ ಮಕ್ಕಳು ಅಲ್ಲಿಗೂ ಇಲ್ಲಿಗೂ ಹೋಗಿ ನೋಡಿ ಬರುತ್ತಾರೆ.

ಪ್ರಾಟೆಸ್ಟಂಟ್ ಮನೆಯ ರೀತಿ ಬೇರೆ. ಅದನ್ನು ಓದಿನ ಮನೆಯೆನ್ನಬಹುದು. ಬಳ್ಳಾರಿಯಲ್ಲಿದ್ದ ಲಂಡನ್ ಮಿಷನ್ನಿನ ಜಾನ್ ಹ್ಯಾಂಡ್ಸ್ ಮತ್ತು ಅವರ ಸಂಗಡಿಗರ ಶ್ರಮದಿಂದ 1831ರಲ್ಲಿ ಸಂಪೂರ್ಣ ಬೈಬಲು ಕನ್ನಡದಲ್ಲಿ ದೊರೆಯಿತು. ಮೈಸೂರು ನಗರದಲ್ಲಿ ನೆಲೆಯೂರಿದ ವೆಸ್ಲಿಯನ್ ಮಿಷನ್ನಿನವರು ಶಾಲೆಗಳನ್ನೂ ಮುದ್ರಣಾಲಯವನ್ನೂ ನಡೆಸಿದರು. 1906ರಲ್ಲಿ ಸ್ತ್ರೀಯರಿಗೂ ಮಕ್ಕಳಿಗೂ ಆಸ್ಪತ್ರೆಯನ್ನು ತೆರೆದರು. ಮಂಡಿ ಮೊಹಲ್ಲದಲ್ಲಿ ಹೋಲ್ಡ್ಸ್‌ವರ್ತ್ ಸ್ಮಾರಕವೆಂದೂ ಮಿಷನ್ ಆಸ್ಪತ್ರೆಯೆಂದೂ ಊರಿಗೆಲ್ಲ ತಿಳಿದಿರುವುದು ಅದೇ. ಈ ಪರಂಪರೆಯಲ್ಲಿ ವಿಶ್ವಾಸದ ಕೇಂದ್ರವು ಓದುವ ಗ್ರಂಥ. ಆದುದರಿಂದ ಓದುಬರಹವಿಲ್ಲದ ಕ್ರೈಸ್ತನೆಂದರೆ ಅಪೂರ್ಣ ಕ್ರೈಸ್ತನೆಂಬ ಭಾವನೆ ಬೆಳೆಯಿತು. ಹೆಣ್ಣುಮಕ್ಕಳಿಗೆ ಅಕ್ಷರ ಕಲಿಸಬೇಕೆಂಬ ಹಟ ಅದರಿಂದಲೇ ಬಂದಿತು. ರಾತ್ರಿಯ ಊಟಕ್ಕೆ ಮುಂಚೆ ಮನೆಯ ಯಜಮಾನನು ಒಂದು ಅಧ್ಯಾಯವನ್ನು ಗಟ್ಟಿಯಾಗಿ ಓದುವುದು, ಒಂದು ಕೀರ್ತನೆಯನ್ನು ಎಲ್ಲರೂ ಹಾಡುವುದು, ಪ್ರಾರ್ಥನೆಯಲ್ಲಿ ಮನೆಯವರ ಹೆಸರುಗಳನ್ನು ಒಂದೊಂದಾಗಿ ನೆನೆಯುವುದು—ಇದು ಕುಟುಂಬಪ್ರಾರ್ಥನೆಯ ಸಾಮಾನ್ಯ ಕ್ರಮ.

ಈ ಕ್ರಮದ ಹಿಂದೆ ಒಬ್ಬ ತಾಯಿಯಿದ್ದಾಳೆ. ವೆಸ್ಲಿಯನ್ ಪಂಥಕ್ಕೆ ಹೆಸರು ಕೊಟ್ಟ ಜಾನ್ ವೆಸ್ಲಿಯವರ ತಾಯಿ ಸುಸನ್ನ ವೆಸ್ಲಿ (1669–1742) ಹತ್ತೊಂಬತ್ತು ಮಕ್ಕಳನ್ನು ಹೆತ್ತು ಅವರಲ್ಲಿ ಅನೇಕರನ್ನು ಶೈಶವದಲ್ಲಿಯೇ ಕಳೆದುಕೊಂಡವಳು. ಉಳಿದ ಒಬ್ಬೊಬ್ಬ ಮಗುವಿನ ಆತ್ಮವಿಚಾರಕ್ಕೆಂದು ವಾರದಲ್ಲಿ ಒಂದೊಂದು ಸಂಜೆಯನ್ನು ಆಕೆ ಮೀಸಲಿಟ್ಟಿದ್ದಳು. ಗಂಡನು ಊರಿನಲ್ಲಿಲ್ಲದಾಗ ಎಪ್‌ವರ್ತಿನ ಅವರ ಅಡಿಗೆಮನೆಯಲ್ಲಿ ಭಾನುವಾರ ಸಂಜೆ ಮಕ್ಕಳಿಗೆಂದು ನಡೆಸಿದ ಪ್ರಾರ್ಥನೆಗೆ ನೆರೆಹೊರೆಯವರು ಬಂದು ತುಂಬಿಕೊಂಡರು. ಗುಡಿಯಲ್ಲಿದ್ದ ಉಪಪಾದ್ರಿಗೆ ಇದರಿಂದ ಅಸಮಾಧಾನವೂ ಆಯಿತು. ಮನೆಯ ಪ್ರಾರ್ಥನೆಗೂ ಗುಡಿಯ ಅಧಿಕಾರಕ್ಕೂ ಇರುವ ಈ ಸಣ್ಣ ಜಗ್ಗಾಟ ಎಲ್ಲ ಕಾಲಗಳಲ್ಲಿಯೂ ಇದ್ದುದೇ.

ಮನೆಯೇ ಇಲ್ಲದಿದ್ದರೆ? ಮೈಸೂರು ಸಂಸ್ಥಾನದಲ್ಲಿ ಈ ಪ್ರಶ್ನೆ ಬರಿಯ ತರ್ಕವಾಗಿರಲಿಲ್ಲ. 1876–78ರ ಮಹಾಕ್ಷಾಮದಲ್ಲಿ ನಾಡು ಎಷ್ಟು ಬರಿದಾಯಿತೆಂದರೆ, 1871ರ ಗಣತಿಯಲ್ಲಿ 50 ಲಕ್ಷವನ್ನು ದಾಟಿದ್ದ ಜನಸಂಖ್ಯೆ 1881ರಲ್ಲಿ ಸುಮಾರು 42 ಲಕ್ಷಕ್ಕೆ ಇಳಿದಿತ್ತು. ದಾರಿಯಲ್ಲಿ ಬಿದ್ದ ಅನಾಥ ಮಕ್ಕಳನ್ನು ಕಥೋಲಿಕರೂ ವೆಸ್ಲಿಯನ್ನರೂ ಎತ್ತಿಕೊಂಡರು. ವೆಸ್ಲಿಯನ್ನರು ಹುಡುಗರಿಗೆ ತುಮಕೂರಿನಲ್ಲಿಯೂ ಹುಡುಗಿಯರಿಗೆ ಹಾಸನದಲ್ಲಿಯೂ ಅನಾಥಾಲಯಗಳನ್ನು ನಡೆಸಿದರು. ಈ ಮಕ್ಕಳಿಗೆ ಜಪ ಹೇಳಿಕೊಡುವ ಅಜ್ಜಿ ಇರಲಿಲ್ಲ. ಕುಲದೇವರ ನೆನಪೂ ಊರಿನ ನೆನಪೂ ಮಾಸಿದ್ದವು. ಮೇಲ್ವಿಚಾರಕಿಯೇ ತಾಯಿ, ಗಂಟೆಯೇ ದಿನಚರಿ. ಇಂತಹ ಮಕ್ಕಳು ದೊಡ್ಡವರಾಗಿ ಸಂಸಾರ ಹೂಡಿದಾಗ, ಕ್ರೈಸ್ತ ಮನೆಯೊಂದನ್ನು ಒಳಗಿನಿಂದ ಎಂದೂ ಕಾಣದವರು ಕ್ರೈಸ್ತ ಮನೆಗಳನ್ನು ಕಟ್ಟಬೇಕಾಯಿತು. ಅನಾಥಾಲಯದ ಶಿಸ್ತು ಆ ಮನೆಗಳೊಳಕ್ಕೂ ಬಂದಿತೆಂದರೆ ಆಶ್ಚರ್ಯವಿಲ್ಲ. ಕ್ಷಾಮದ ಮಕ್ಕಳು ಎಂಬ ಮಾತನ್ನು ಲಘುವಾಗಿ ಆಡುವವರು ಅಂದೂ ಇದ್ದರು, ಇಂದೂ ಇದ್ದಾರೆ. ಅನ್ನಕ್ಕಾಗಿ ಬಂದ ಮಗುವಿನ ಮೊಮ್ಮಕ್ಕಳು ಅನ್ನವಿದ್ದ ಮೇಲೆಯೂ ಏಕೆ ಉಳಿದರೆಂಬುದನ್ನು ಅವರು ಕೇಳಿಕೊಂಡಂತಿಲ್ಲ.

ಇನ್ನು ಸಭೆಯ ಕಡೆಗೆ ತಿರುಗೋಣ. ಮುಮ್ಮಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ, 1843ರಲ್ಲಿ, ಮೈಸೂರಿನಲ್ಲಿ ಸಂತ ಜೋಸೆಫರ ದೇವಾಲಯವಾಯಿತು. ಅದೇ ಸ್ಥಳದಲ್ಲಿ ಈಗಿನ ದೊಡ್ಡ ದೇವಾಲಯಕ್ಕೆ 1933ರ ಅಕ್ಟೋಬರ್ 28ರಂದು ನಾಲ್ವಡಿ ಕೃಷ್ಣರಾಜ ಒಡೆಯರು ಅಡಿಗಲ್ಲಿಟ್ಟರು. ಅದಕ್ಕೂ ಮುಂಚೆ, 1926ರಲ್ಲಿ, ಅರಮನೆಯ ಅಧಿಕಾರಿಗಳಾಗಿದ್ದ ಟಿ. ಆರ್. ಎ. ತಂಬುಚೆಟ್ಟಿಯವರು ಸಂತ ಫಿಲೋಮಿನಳ ಅವಶೇಷವೊಂದನ್ನು ದೊರಕಿಸಿ ತಂದಿದ್ದರು. ಅಧಿಕೃತವಾಗಿ ಈ ಗುಡಿ ಸಂತ ಜೋಸೆಫರಿಗೂ ಸಲ್ಲುತ್ತದೆ. ಜನರ ಬಾಯಲ್ಲಿ ಮಾತ್ರ ಅದು ಫಿಲೋಮಿನ ಚರ್ಚು, ಬೇರೆ ಹೆಸರಿಲ್ಲ. 1961ರಲ್ಲಿ ರೋಮಿನ ಅಧಿಕಾರಿಗಳು, ಆಕೆಯ ಚರಿತ್ರೆಗೆ ತಕ್ಕ ಆಧಾರಗಳಿಲ್ಲವೆಂಬ ಕಾರಣದಿಂದ, ಫಿಲೋಮಿನಳ ಹಬ್ಬವನ್ನು ಪೂಜಾಪಂಚಾಂಗಗಳಿಂದ ತೆಗೆದುಹಾಕಿಸಿದರು. ಅಶೋಕ ರಸ್ತೆಯಲ್ಲಿ ಅದರಿಂದ ಏನೂ ಬದಲಾಗಲಿಲ್ಲ. ನೆಲಮಾಳಿಗೆಯ ಮೂರ್ತಿಯ ಮುಂದೆ ಮೇಣದ ಬತ್ತಿಗಳು ಉರಿಯುತ್ತಲೇ ಇವೆ; ಹಚ್ಚುವವರಲ್ಲಿ ಕ್ರೈಸ್ತರಲ್ಲದವರೂ ಅನೇಕರು. ಕೃಷ್ಣರಾಜನಗರದ ಹತ್ತಿರದ ದೋರನಹಳ್ಳಿಯಲ್ಲಿ ಸಂತ ಅಂತೋಣಿಯವರ ಜೂನ್ 13ರ ಹಬ್ಬಕ್ಕೆ ಸೇರುವ ಜನವೂ ಹೀಗೆಯೇ. ಉಳುವಾಗ ರೈತನೊಬ್ಬನಿಗೆ ಮೂರ್ತಿ ದೊರೆಯಿತೆಂಬ ಐತಿಹ್ಯದಿಂದ ಬೆಳೆದ ಆ ಕ್ಷೇತ್ರಕ್ಕೆ 2019ರಲ್ಲಿ ಬೆಸಿಲಿಕವೆಂಬ ಗೌರವ ಸಂದಿತು. ಈ ಎರಡು ನಿದರ್ಶನಗಳಿಂದ ಒಂದಂಶ ತಿಳಿಯುತ್ತದೆ: ಮನೆಯಲ್ಲಿ ಮಾಡಿಕೊಂಡ ಹರಕೆ ಗುಡಿಗೆ ಬರುತ್ತದೆಯೇ ಹೊರತು ಗುಡಿಯ ಪಂಚಾಂಗ ಮನೆಯ ಹರಕೆಯನ್ನು ಅಳಿಸಲಾರದು.

ಭಾಷೆಯ ವಿಚಾರದಲ್ಲಿ ಇಪ್ಪತ್ತನೆಯ ಶತಮಾನದ ಎರಡು ಘಟನೆಗಳು ಮುಖ್ಯವಾದುವು. 1947ರ ಸೆಪ್ಟೆಂಬರ್ 27ರಂದು ದಕ್ಷಿಣ ಭಾರತ ಸಭೆ ಏರ್ಪಟ್ಟು ಮೈಸೂರಿನ ವೆಸ್ಲಿಯನ್ನರು ಅದರಲ್ಲಿ ಸೇರಿದರು. ಕನ್ನಡದ ಆರಾಧನೆ ಅವರಲ್ಲಿ ಅದಾಗಲೇ ರೂಢವಾಗಿತ್ತು. ಕಥೋಲಿಕರಲ್ಲಿ 1963ರ ಡಿಸೆಂಬರಿನಲ್ಲಿ ಎರಡನೆಯ ವ್ಯಾಟಿಕನ್ ಮಹಾಸಭೆಯ ಪೂಜಾವಿಧಿಯ ಶಾಸನ ಹೊರಟು, ಲತೀನಿನ ಸ್ಥಾನದಲ್ಲಿ ದೇಶಭಾಷೆಗಳು ಬಲಿಪೀಠಕ್ಕೆ ಬರಲು ದಾರಿಯಾಯಿತು. ಅಲ್ಲಿಯವರೆಗೆ ಪೂಜೆಯ ಮಂತ್ರ ಲತೀನಿನದು. ಕನ್ನಡವಿದ್ದುದು ಪ್ರಸಂಗದಲ್ಲಿ, ಹಾಡಿನಲ್ಲಿ ಮತ್ತು ಮನೆಯ ಜಪದಲ್ಲಿ. ಲತೀನನ್ನು ಅರ್ಥವಾಗದೆ ಕೇಳಿ ಬಂದ ತಾಯಿ ಮನೆಯಲ್ಲಿ ಅರ್ಥವಾಗುವ ಕನ್ನಡದಲ್ಲಿ ಪ್ರಾರ್ಥಿಸುತ್ತಿದ್ದಳು. ಆದುದರಿಂದ ಕನ್ನಡದ ಕಥೋಲಿಕ ಭಕ್ತಿಭಾಷೆಯು ಗುಡಿಗಿಂತ ಮೊದಲು ಮನೆಯಲ್ಲಿ ಹದಗೊಂಡಿತೆಂದು ಹೇಳಬಹುದಾಗಿದೆ.

ಇಂದಿನ ಪರಿಸ್ಥಿತಿ ಇದಕ್ಕೆ ತಲೆಕೆಳಗು. ಗುಡಿಯಲ್ಲಿ ಕನ್ನಡದ ಪೂಜೆ ನಡೆಯುತ್ತದೆ. ಮನೆಯ ಮಗು ಮಾತ್ರ ಕನ್ನಡವನ್ನು ಓದಲಾರದು. ಇಂಗ್ಲಿಷ್ ಶಾಲೆಯಲ್ಲಿ ಕಲಿಯುವ ಮಗುವಿಗೆ ಭಾನುವಾರದ ಜ್ಞಾನೋಪದೇಶವೂ ಬಹುಮಟ್ಟಿಗೆ ಇಂಗ್ಲಿಷಿನಲ್ಲಿ ದೊರೆಯುತ್ತದೆ. ಅಜ್ಜಿಯ ಜಪವನ್ನು ಅದು ಕಿವಿಯಿಂದ ಬಲ್ಲದು, ಅಜ್ಜಿಯ ಪುಸ್ತಕವನ್ನು ತೆರೆಯಲಾರದು. ತನಗೆ ಅರ್ಥವಾದ ಪಾಠವನ್ನು ಮನೆಗೆ ಬಂದು ಒಪ್ಪಿಸಿದರೆ ಅಜ್ಜಿಗೆ ಅದು ತಿಳಿಯದು. ಇಬ್ಬರೂ ಒಂದೇ ವಿಶ್ವಾಸದವರು, ಒಂದೇ ಚಾಪೆಯ ಮೇಲೆ ಮೊಣಕಾಲೂರಿದವರು. ಆದರೂ ಒಬ್ಬರ ಪ್ರಶ್ನೆಗೆ ಇನ್ನೊಬ್ಬರ ಉತ್ತರ ತಲುಪುವುದಿಲ್ಲ. ಇದರಲ್ಲಿ ಒಂದು ವಿಪರ್ಯಾಸವನ್ನು ಹೇಳದೆ ಬಿಡಲಾಗದು. ಕನ್ನಡದ ಅಕ್ಷರವನ್ನು ಮನೆಮನೆಗೆ ಒಯ್ದ ಮಿಷನ್ನುಗಳ ವಾರಸುದಾರರೇ ಇಂದು ಇಂಗ್ಲಿಷ್ ಶಾಲೆಗಳಿಗೆ ಹೆಸರಾಗಿದ್ದಾರೆ. ತಂದೆತಾಯಿಗಳು ಆ ಶಾಲೆಗಳ ಬಾಗಿಲಲ್ಲಿ ಕಾಯುವುದಕ್ಕೆ ಲೌಕಿಕವಾದ ಸಕಾರಣಗಳಿವೆ, ಅವರನ್ನು ನಾವು ದೂರಲಾರೆವು. ಆದರೆ ಆ ಲಾಭದ ಬೆಲೆಯನ್ನು ತೆತ್ತುದು ನಡುಮನೆಯೆಂಬುದನ್ನು ಲೆಕ್ಕದಲ್ಲಿ ಕಾಣಿಸಲೇಬೇಕು.

ಮನೆಭಾಷೆಯೆಂದರೆ ಕನ್ನಡವೊಂದೇ ಎಂದು ತಿಳಿಯುವುದೂ ಸರಿಯಲ್ಲ. ಮೈಸೂರಿನ ಕ್ರೈಸ್ತರಲ್ಲಿ ತಮಿಳು, ಕೊಂಕಣಿ, ಮಲಯಾಳಂ ಮಾತನಾಡುವ ಕುಟುಂಬಗಳು ಬಹಳ. ಇಂತಹ ಮನೆಯಲ್ಲಿ ಮಗುವಿನ ಜಪ ಒಂದು ಭಾಷೆ, ಬೀದಿ ಇನ್ನೊಂದು, ಶಾಲೆ ಮತ್ತೊಂದು. ಈಚಿನ ದಶಕಗಳಲ್ಲಿ ಕಥೋಲಿಕರು ಕೇರಿಗೊಂದರಂತೆ ಹತ್ತಾರು ಮನೆಗಳನ್ನು ಸೇರಿಸಿ ನಡೆಸುತ್ತಿರುವ ಕಿರುಸಮುದಾಯದ ಕೂಟಗಳಲ್ಲಿಯೂ ಪ್ರಾಟೆಸ್ಟಂಟರ ಮನೆಕೂಟಗಳಲ್ಲಿಯೂ ಈ ಭಾಷೆಗಳು ಒಂದೇ ಕೋಣೆಯಲ್ಲಿ ಕೂಡುತ್ತವೆ. ಹಾಡು ಒಂದರಲ್ಲಿ, ವಾಚನ ಇನ್ನೊಂದರಲ್ಲಿ ಆಗುವುದುಂಟು. ಶಾಸ್ತ್ರೀಯವಾಗಿ ಇದು ಅಸ್ತವ್ಯಸ್ತವೆನಿಸಬಹುದು. ಆದರೆ ಮಕ್ಕಳು ದೊಡ್ಡವರ ಸಂಗಡ ಕುಳಿತು ತಪ್ಪುತಪ್ಪಾಗಿಯಾದರೂ ಕನ್ನಡದ ವಾಕ್ಯವನ್ನು ಗಟ್ಟಿಯಾಗಿ ಓದುವ ಕೆಲವೇ ಸ್ಥಳಗಳಲ್ಲಿ ಇದೂ ಒಂದು. ಕುಟುಂಬವನ್ನು ಗೃಹಸಭೆಯೆಂದು 1964ರಲ್ಲಿ ವ್ಯಾಟಿಕನ್ ಮಹಾಸಭೆ ಕರೆಯಿತು. ಮೈಸೂರು ಸೀಮೆಯಲ್ಲಿ ಆ ವಸ್ತು ಹೆಸರು ಬರುವ ಮೊದಲೇ ಇದ್ದಿತೆಂಬುದನ್ನು ಮೇಲೆ ಕಂಡೆವು.

ಈ ವಿಷಯದಲ್ಲಿ ಮುಂದಿನ ಸಂಶೋಧನೆಗೆ ಬೇಕಾದ ಸಾಮಗ್ರಿ ಗ್ರಂಥಾಲಯಗಳಲ್ಲಿ ದೊರೆಯುವಂಥದಲ್ಲ. ಹಳೆಯ ಮನೆಗಳಲ್ಲಿ ಅಂಚು ಹರಿದ ಜಪದ ಪುಸ್ತಕಗಳೂ ದಪ್ಪನೆಯ ರಟ್ಟಿನ ಬೈಬಲುಗಳೂ ಪೆಟ್ಟಿಗೆಯ ತಳದಲ್ಲಿರುತ್ತವೆ. ಅವುಗಳ ಮೊದಲ ಅಥವಾ ಕೊನೆಯ ಖಾಲಿ ಹಾಳೆಯಲ್ಲಿ ಮಕ್ಕಳ ಜನನ, ಜ್ಞಾನಸ್ನಾನ, ಮದುವೆ, ಮರಣಗಳ ದಿನಗಳನ್ನು ಬರೆದಿಡುವ ವಾಡಿಕೆಯಿತ್ತು; ಜ್ಞಾನತಂದೆ ಜ್ಞಾನತಾಯಿಯರ ಹೆಸರೂ ಕೆಲವೊಮ್ಮೆ ಇರುವುದು. ಅಕ್ಷರ ಬದಲಾದೆಡೆ ತಲೆಮಾರು ಬದಲಾಯಿತೆಂದು ತಿಳಿಯಬೇಕು; ಲಿಪಿ ಕನ್ನಡದಿಂದ ರೋಮನಿಗೆ ತಿರುಗಿದ ಸಾಲಿನಲ್ಲಿ ಇಸವಿಯನ್ನು ನೋಡಬೇಕು. ಮನೆ ಖಾಲಿಮಾಡುವಾಗ ಇಂತಹ ಪುಸ್ತಕಗಳು ಹಳೆಯ ಕಾಗದದ ತೂಕಕ್ಕೆ ಹೋಗುತ್ತಿವೆ. ಇಡೀ ಪುಸ್ತಕವನ್ನು ಕೊಡಲು ಮನಸ್ಸಿಲ್ಲದವರು ಆ ಒಂದು ಹಾಳೆಯ ಪ್ರತಿಯನ್ನು ತೆಗೆದುಕೊಳ್ಳಲು ಅನುಮತಿ ಕೊಟ್ಟರೂ ಸಾಕು.